ಯಾರದೂ ಅಲ್ಲದ ಕಡಲಿಗೆ ಕಾವಲು ಯಾರು?

ನವಿ ಮುಂಬೈಯ ಬೇಲಾಪುರಕ್ಕೆ ಸಮೀಪದ ನ್ಹಾವಾ ಶೇವಾ ಬಂದರಿನಿಂದ ಹೊರಟ ಕಂಟೇನರ್ ಹಡಗು ಇನ್ನೂರು ನಾಟಿಕಲ್ ಮೈಲಿ ದಾಟಿತೆಂದರೆ ಮುಂದಿನದು ಯಾರ ಆಡಳಿತಕ್ಕೂ ಒಳಪಡದ ನೀರು. ಅಲ್ಲಿ ತಿಮಿಂಗಿಲ ಬೇಟೆ ನಡೆದರೆ ಬೇರೆ ದೇಶಗಳು ತಡೆಯಬಹುದೇ? ಇದು ಜಪಾನಿಗೂ ಅಂಟಾರ್ಕ್ಟಿಕಕ್ಕೂ ಸಂಬಂಧಿಸಿದ ಜಗಳವೆಂದು ನಾವು ಪತ್ರಿಕೆಯ ಪುಟ ತಿರುವುತ್ತೇವೆ. ಆದರೆ ಅದರ ಅತ್ಯಂತ ಕರಾಳ ಪುಟಗಳಲ್ಲೊಂದು ನಮ್ಮ ಅರಬ್ಬಿ ಸಮುದ್ರದ್ದೇ.

ತಿಮಿಂಗಿಲ ಬೇಟೆಯನ್ನು ಹದ್ದಿನಲ್ಲಿಡುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1946ರಲ್ಲಿ ವಾಷಿಂಗ್ಟನ್ನಿನಲ್ಲಿ ಸಹಿ ಬಿತ್ತು. ಸೋವಿಯತ್ ಒಕ್ಕೂಟವೂ ಅದರ ಸದಸ್ಯನೇ. ಹೀಗಿದ್ದೂ 1965-66ರಲ್ಲಿ ಅದರ ಬೇಟೆ ಹಡಗುಗಳು ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕರಾವಳಿಯಾಚೆ 242 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕಾನೂನುಬಾಹಿರವಾಗಿ ಕೊಂದವು. ಹಡಗಿನಲ್ಲಿ ತನಿಖಾಧಿಕಾರಿಗಳಿದ್ದರು, ಅವರೂ ಸೋವಿಯತ್ತಿನವರೇ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ದಕ್ಷಿಣ ಗೋಳಾರ್ಧದಲ್ಲಿ 48,000ಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕೊಂದು, ಆ ಒಪ್ಪಂದದಡಿಯ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗಕ್ಕೆ 2,710 ಎಂದು ಲೆಕ್ಕ ಒಪ್ಪಿಸಿದವರು ಇವರು. ನಿಜ ಹೊರಬಿದ್ದದ್ದು 1990ರ ದಶಕದಲ್ಲಿ, ಹಳೆಯ ದಾಖಲೆಗಳನ್ನು ಕಾಪಾಡಿಕೊಂಡಿದ್ದ ಆ ದೇಶದ್ದೇ ವಿಜ್ಞಾನಿಗಳಿಂದ. ಅರಬ್ಬಿ ಸಮುದ್ರದಲ್ಲಿ ಕೊಂದ ಹೆಣ್ಣು ತಿಮಿಂಗಿಲಗಳ ಗರ್ಭದಲ್ಲಿದ್ದ ಮರಿಗಳ ಉದ್ದವನ್ನು ಅವರು ಅಳೆದಿಟ್ಟಿದ್ದರು. ಈ ಹಿಂಡು ಅಂಟಾರ್ಕ್ಟಿಕಕ್ಕೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಬಾಳುವಂಥದ್ದು ಎಂಬುದಕ್ಕೆ ಆ ಅಳತೆಗಳೇ ಪುರಾವೆಯಾದವು. ವಿಜ್ಞಾನಕ್ಕೆ ಇಂಥ ಲಾಭವೂ ಉಂಟು!

ಹೊರಗಿನವರು ಕೈಹಾಕುವ ಬಗೆ ಮುಂದೆ ಹಲವು ರೂಪ ತಾಳಿತು. ಒಂದು ದೇಶದ ಹಡಗಿನಲ್ಲಿ ಮತ್ತೊಂದು ದೇಶದ ವೀಕ್ಷಕರಿರಬೇಕೆಂಬ ವ್ಯವಸ್ಥೆ 1972ರಲ್ಲಿ ಬಂತು. 1975ರಲ್ಲಿ ಗ್ರೀನ್‌ಪೀಸ್‌ನವರು ಕ್ಯಾಲಿಫೋರ್ನಿಯಾದಾಚೆ ಸೋವಿಯತ್ ಈಟಿಗೂ ತಿಮಿಂಗಿಲಕ್ಕೂ ನಡುವೆ ರಬ್ಬರ್ ದೋಣಿ ನುಗ್ಗಿಸಿದರು. 1979ರಲ್ಲಿ ತಿಮಿಂಗಿಲ ರಕ್ಷಣೆಯ ಹೋರಾಟಗಾರ ಪೌಲ್ ವಾಟ್ಸನ್ ಪೋರ್ಚುಗಲ್ ಬಳಿ ಸಿಯೆರಾ ಎಂಬ ಕಳ್ಳಬೇಟೆ ಹಡಗಿಗೆ ತನ್ನ ಹಡಗನ್ನೇ ಡಿಕ್ಕಿ ಹೊಡೆಸಿದ. ಕಥೆಯಾಗಿ ರೋಚಕ. ಆದರೆ ಫಲ ಕೊಟ್ಟದ್ದು ಇದಕ್ಕಿಂತ ನೀರಸವಾದ ಕೆಲಸಗಳು ಎಂದೇ ನನ್ನ ಎಣಿಕೆ. ಅದೇ 1979ರಲ್ಲಿ ಪುಟ್ಟ ದೇಶ ಸೇಶೆಲ್ಸ್ ಒತ್ತಾಯಿಸಿ ಹಿಂದೂ ಮಹಾಸಾಗರವನ್ನು ತಿಮಿಂಗಿಲ ಅಭಯಧಾಮ ಮಾಡಿಸಿತು. ಭಾರತ 1981ರಲ್ಲಿ ಆಯೋಗ ಸೇರಿ, ಮರುವರ್ಷ ವಾಣಿಜ್ಯ ಬೇಟೆಯ ನಿಷೇಧಕ್ಕೆ ಮತ ಹಾಕಿತು. ನಿಷೇಧ ಗೆದ್ದದ್ದು 25-7ರಿಂದ. ಆಕ್ಷೇಪ ಎತ್ತಿದ್ದ ಜಪಾನ್ ಅದನ್ನು ಹಿಂತೆಗೆದುಕೊಂಡದ್ದು, ಮೀನುಗಾರಿಕೆಯ ಹಕ್ಕು ಕಡಿತ ಮಾಡುವುದಾಗಿ ಅಮೆರಿಕ ಹೆದರಿಸಿದ ಮೇಲೆ.

ನೌಕಾಪಡೆ ಕಳಿಸಿ ತಡೆಯಲಾಗದೇ? ಕಡಲ ಕಾನೂನಿನ ಪ್ರಕಾರ ತೆರೆದ ಸಮುದ್ರದಲ್ಲಿ ಹಡಗಿನ ಮೇಲೆ ಅಧಿಕಾರವಿರುವುದು ಅದು ಹಾರಿಸುವ ಧ್ವಜದ ದೇಶಕ್ಕೆ. ಕಡಲ್ಗಳ್ಳತನ, ಗುಲಾಮ ಸಾಗಾಟದಂಥ ಕೆಲವು ಕಾರಣಗಳಿಗೆ ಮಾತ್ರ ಪರದೇಶದವರು ಹಡಗು ಹತ್ತಿ ತಪಾಸಣೆ ಮಾಡಬಹುದು. ತಿಮಿಂಗಿಲ ಬೇಟೆ ಆ ಪಟ್ಟಿಯಲ್ಲಿಲ್ಲ. ಆಸ್ಟ್ರೇಲಿಯ ಹಿಡಿದದ್ದು ನ್ಯಾಯಾಲಯದ ದಾರಿ. ನಿಷೇಧದ ನಂತರವೂ ಸಂಶೋಧನೆಯ ಹೆಸರಲ್ಲಿ ಅಂಟಾರ್ಕ್ಟಿಕದಲ್ಲಿ ಜಪಾನ್ ನಡೆಸುತ್ತಿದ್ದ ‘ವೈಜ್ಞಾನಿಕ’ ಬೇಟೆ ನಿಜಕ್ಕೂ ವೈಜ್ಞಾನಿಕ ಉದ್ದೇಶದ್ದಲ್ಲವೆಂದು 2014ರ ಮಾರ್ಚ್ 31ರಂದು ಅಂತರರಾಷ್ಟ್ರೀಯ ನ್ಯಾಯಾಲಯ 12-4ರ ಬಹುಮತದಲ್ಲಿ ಹೇಳಿತು. ಜಪಾನ್ 2019ರಲ್ಲಿ ಆಯೋಗವನ್ನೇ ಬಿಟ್ಟಿತು, ಆದರೆ ಅಂಟಾರ್ಕ್ಟಿಕವನ್ನೂ ಬಿಟ್ಟು ತನ್ನ ಇನ್ನೂರು ಮೈಲಿಯ ಆರ್ಥಿಕ ವಲಯದೊಳಗೆ ಬೇಟೆಗಿಳಿಯಿತು. ಅಷ್ಟರಮಟ್ಟಿಗೆ ಹೊರಗಿನವರು ಗೆದ್ದರು.

ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳು ಮಾತ್ರ ಚೇತರಿಸಿಕೊಂಡಿಲ್ಲ. ಒಮಾನ್ ಕಡೆ ಅಂದಾಜು ಮಾಡಿದ್ದು 82. ಅಲ್ಲಿ 2017ರಲ್ಲಿ ಉಪಗ್ರಹ ಟ್ಯಾಗ್ ಕಟ್ಟಿಸಿಕೊಂಡ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಕಡಲು ದಾಟಿ ನಮ್ಮ ಪಶ್ಚಿಮ ಕರಾವಳಿಗುಂಟ ದಕ್ಷಿಣಕ್ಕೆ ಈಜಿತ್ತು. ಅಂಥವಕ್ಕೆ ಇಂದಿನ ಅಪಾಯ ಈಟಿಯಲ್ಲ, ಬೀಸುಬಲೆ ಮತ್ತು ಹಡಗಿನ ಡಿಕ್ಕಿ. ಶ್ರೀಲಂಕಾದ ದಕ್ಷಿಣದಲ್ಲಿ ನೀಲಿ ತಿಮಿಂಗಿಲಗಳನ್ನು ತಪ್ಪಿಸಲು ಎಂಎಸ್‌ಸಿ ಎಂಬ ಹಡಗು ಕಂಪನಿ 2022ರಿಂದ ತನ್ನ ಹಡಗುಗಳ ಮಾರ್ಗವನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿದೆ, ಯಾವ ದೇಶವೂ ಬಲವಂತ ಮಾಡದೆ. ಪರರ ಬೇಟೆಯ ವಿರುದ್ಧ ಮತ ಹಾಕಿದ ಭಾರತ ನ್ಹಾವಾ ಶೇವಾಕ್ಕೆ ಬಂದುಹೋಗುವ ಹಡಗುಗಳ ಮಾರ್ಗವನ್ನೂ ವೇಗವನ್ನೂ ತಿಮಿಂಗಿಲಗಳ ನೆಲೆ ನೋಡಿ ನಿಗದಿ ಮಾಡಬೇಕು. ಇದಕ್ಕೆ ಯಾವ ಅಂತರರಾಷ್ಟ್ರೀಯ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ.