ಆದವಾನಿಯ ಮೂರು ಒಪ್ಪಂದಗಳು: ನಿಜಾಮನ ಅಪನಂಬಿಕೆಗೆ ಒಂದು ಸಮರ್ಥನೆ

ಹೈದರಾಬಾದಿನ ನಿಜಾಮ್ ಅಲಿ ಖಾನನನ್ನು ಚಂಚಲಬುದ್ಧಿಯ ಅರಸನೆಂದು ಕಂಪನಿ ಪಕ್ಷಪಾತಿಗಳಾದ ಇತಿಹಾಸಕಾರರು ಚಿತ್ರಿಸುತ್ತ ಬಂದಿದ್ದಾರೆ. ಇಂದು ಇಂಗ್ಲಿಷರೊಡನೆ ಒಪ್ಪಂದ, ನಾಳೆ ಹೈದರನತ್ತಲೋ ಫ್ರೆಂಚರತ್ತಲೋ ಒಲವು ಎಂಬುದು ಅವರ ದೂರು. ಆದವಾನಿಯಲ್ಲಿ ನಿಂತು ನೋಡಿದರೆ ಈ ಚಾಂಚಲ್ಯವು ಅನುಭವದಿಂದ ಹುಟ್ಟಿದ ಸಂಶಯವೆಂದೇ ತೋರುತ್ತದೆ.

ಆದವಾನಿ ಅವನ ಸಹೋದರ ಬಸಾಲತ್ ಜಂಗನ ಜಹಗೀರಾಗಿತ್ತು. ಗುಂಟೂರು ಕೂಡ ಅವನ ವಶದಲ್ಲಿತ್ತು. 1768ರ ಒಪ್ಪಂದದಂತೆ ಗುಂಟೂರು ಅವನ ಜೀವಿತಾವಧಿಯ ನಂತರವೇ ಕಂಪನಿಗೆ ಸೇರಬೇಕು. ಆದರೆ 1779ರಲ್ಲಿ ಮದರಾಸಿನ ಸರ್ಕಾರ ನಿಜಾಮನನ್ನು ಬದಿಗಿಟ್ಟು ನೇರವಾಗಿ ಬಸಾಲತ್ ಜಂಗನೊಡನೆ ಕರಾರು ಮಾಡಿಕೊಂಡು ಗುಂಟೂರನ್ನು ಗುತ್ತಿಗೆಗೆ ಪಡೆಯಿತು. ಆದವಾನಿಗೆ ದಂಡನ್ನೂ ಕಳುಹಿಸಿತು. ಅಧೀನನೊಡನೆ ಗುಟ್ಟಾಗಿ ವ್ಯವಹರಿಸುವ ಮಿತ್ರನನ್ನು ಯಾವ ಅರಸ ನಂಬಿಯಾನು? ಮರುವರ್ಷ ನಿಜಾಮ ಹೈದರ್ ಮತ್ತು ಮರಾಠರ ಕೂಟವನ್ನು ಸೇರಿದುದಕ್ಕೆ ಬೇರೆ ವಿವರಣೆ ಬೇಕಿಲ್ಲ. ವಾರನ್ ಹೇಸ್ಟಿಂಗ್ಸ್ ಗುಂಟೂರನ್ನು ಹಿಂದಿರುಗಿಸಿ ಅವನನ್ನು ಸಮಾಧಾನಪಡಿಸಬೇಕಾಯಿತು.

1786ರಲ್ಲಿ ಟಿಪ್ಪು ಆದವಾನಿಯನ್ನು ಗೆದ್ದ ಬಳಿಕ ನಿಜಾಮನಿಗೆ ರಕ್ಷಣೆ ಬೇಕಿತ್ತು. ದೊರೆತದ್ದು 1789ರಲ್ಲಿ ಕಾರ್ನ್‌ವಾಲಿಸ್ ಬರೆದ ಒಂದು ಪತ್ರ. ಹೊಸ ಮೈತ್ರಿಗಳಿಗೆ ಪಾರ್ಲಿಮೆಂಟಿನ ಕಾಯಿದೆ ಅಡ್ಡಿಯಾಗಿದ್ದುದರಿಂದ, ಈ ಪತ್ರವೇ ಒಪ್ಪಂದದಷ್ಟು ಬಂಧಕವೆಂದು ಹೇಳಲಾಯಿತು. ಕಂಪನಿಯ ಪಡೆಯನ್ನು ಅದರ ಮಿತ್ರರ ಮೇಲೆ ಬಳಸಕೂಡದೆಂಬ ಷರತ್ತೂ ಅದರಲ್ಲಿತ್ತು. ಮಿತ್ರರ ಪಟ್ಟಿಯಲ್ಲಿ ಮರಾಠರಿದ್ದರು, ಟಿಪ್ಪುವಿನ ಹೆಸರಿರಲಿಲ್ಲ. ಪತ್ರದ ಜಾಣತನವೆಲ್ಲ ಆ ಪಟ್ಟಿಯಲ್ಲಿದೆ.

ಅದರ ಬೆಲೆ 1795ರ ಮಾರ್ಚಿನಲ್ಲಿ ಖರ್ಡಾದಲ್ಲಿ ತಿಳಿಯಿತು. ಮರಾಠರು ನಿಜಾಮನನ್ನು ಸುತ್ತುವರಿದಾಗ ಗವರ್ನರ್ ಜನರಲ್ ಜಾನ್ ಶೋರ್ ತಟಸ್ಥನಾಗಿ ಉಳಿದ. ನಿಜಾಮನೇ ವೆಚ್ಚ ಭರಿಸುತ್ತಿದ್ದ ಕಂಪನಿಯ ಪಡೆ ಯುದ್ಧಕ್ಕೆ ಇಳಿಯಲಿಲ್ಲ. ದೌಲತಾಬಾದ್ ಹೋಯಿತು, ಮಂತ್ರಿಯಾಗಿದ್ದ ಅರಸ್ತು ಜಾಹ್ ಒತ್ತೆಯಾಳಾಗಿ ಪುಣೆಗೆ ಹೋದ. ನಿಜಾಮ ಕಂಪನಿಯ ಪಡೆಯನ್ನು ಹಿಂದಕ್ಕೆ ಕಳುಹಿಸಿ, ಫ್ರೆಂಚ್ ಸೇನಾನಿ ರೇಮಂಡನ ದಳವನ್ನು ಬೆಳೆಸಿದ. ಮಿತ್ರನಿಂದ ಸ್ವತಂತ್ರನಾಗಲು ಅವನು ನಡೆಸಿದ ಗಂಭೀರ ಪ್ರಯತ್ನ ಇದೊಂದೇ ಎನ್ನಬಹುದು. ಆದರೆ ಕಂಪನಿಯ ಕಣ್ಣಿಗೆ ಅದೇ ಅಪರಾಧ. 1798ರಲ್ಲಿ ರೇಮಂಡ್ ತೀರಿಕೊಂಡ. ಅದೇ ವರ್ಷ ವೆಲ್ಲೆಸ್ಲಿಯ ಒಪ್ಪಂದದಂತೆ ಆ ದಳವನ್ನು ವಿಸರ್ಜಿಸಿ, ಅದರ ಸ್ಥಾನದಲ್ಲಿ ಕಂಪನಿಯ ಆರು ಬೆಟಾಲಿಯನ್‌ಗಳನ್ನು ಇರಿಸಲಾಯಿತು.

ಪಡೆಯ ವೆಚ್ಚಕ್ಕಾಗಿ 1800ರ ಅಕ್ಟೋಬರ್ 12ರಂದು ಮತ್ತೊಂದು ಒಪ್ಪಂದವಾಯಿತು. ಟಿಪ್ಪುವಿನಿಂದ 1792 ಮತ್ತು 1799ರಲ್ಲಿ ಪಡೆದ ಸೀಮೆಗಳನ್ನೆಲ್ಲ ನಿಜಾಮ ಬಿಟ್ಟುಕೊಟ್ಟ. ಕಂಪನಿಗೆ ತಿಳಿಸಿ ಸಮಾಲೋಚಿಸದೆ ಅನ್ಯ ರಾಜ್ಯಗಳೊಡನೆ ಮಾತುಕತೆ ನಡೆಸುವುದಿಲ್ಲವೆಂದೂ ಒಪ್ಪಿದ. ಗಡಿಯ ಅನುಕೂಲಕ್ಕೆಂದು ತುಂಗಭದ್ರೆಯ ಉತ್ತರದ ಕೊಪ್ಪಳ, ಗಜೇಂದ್ರಗಡಗಳು ಅವನಲ್ಲೇ ಉಳಿದವು. ಅವುಗಳ ಬದಲಿಗೆ ನದಿಯ ದಕ್ಷಿಣಕ್ಕಿದ್ದ ಅವನ ಸ್ವಂತ ಆದವಾನಿ ಹೋಯಿತು. ಕೊಪ್ಪಳದ ಕನ್ನಡಿಗರು ನಿಜಾಮನ ಪ್ರಜೆಗಳಾಗಿ ಮುಂದುವರಿದರು. ಆದವಾನಿ, ರಾಯದುರ್ಗಗಳ ಕನ್ನಡಿಗರು ಥಾಮಸ್ ಮನ್ರೋನ ಕಂದಾಯ ವ್ಯವಸ್ಥೆಗೆ ಸೇರಿದರು. ಮದರಾಸಿನ ಆಡಳಿತದಲ್ಲಿ ಆ ಸೀಮೆಗೆ ‘ದತ್ತ ಮಂಡಲ’ವೆಂಬ ಹೆಸರು ನಿಂತಿತು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು.