ಮೈಸೂರು ಮಹಾನಗರ ವಲಯದ ಆರ್ಥಿಕತೆಯ ಮೇಲೆ ಪ್ರವಾಸೋದ್ಯಮದ ಪ್ರಭಾವ: ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ನಗರಗಳಲ್ಲಿ ಪ್ರವಾಸಿಗರೊಡನೆ ದೀರ್ಘಕಾಲದ ನಂಟನ್ನು ಹೊಂದಿರುವ ನಗರ ಮೈಸೂರು. ಅರಮನೆ, ದಸರಾ, ಮೃಗಾಲಯ, ಬೃಂದಾವನಗಳ ವೈಭವವನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ಈ ಆಕರ್ಷಣೆಗಳು ನಗರದ ದುಡಿಯುವ ಜನರ ಬದುಕಿಗೆ ಏನನ್ನು ಕೊಟ್ಟವು, ಪ್ರವಾಸಿಗರು ವ್ಯಯಿಸುವ ಹಣ ಎಲ್ಲಿ ಉಳಿಯುತ್ತದೆ, ಎಲ್ಲಿ ಹರಿದುಹೋಗುತ್ತದೆ ಎಂಬ ಪ್ರಶ್ನೆಗಳು ಚರಿತ್ರೆಯ ದೃಷ್ಟಿಯಿಂದ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಸ್ತುತ ಪ್ರಬಂಧದಲ್ಲಿ ಮೈಸೂರು ನಗರ, ಚಾಮುಂಡಿಬೆಟ್ಟ, ನಂಜನಗೂಡು, ಶ್ರೀರಂಗಪಟ್ಟಣ, ಕೃಷ್ಣರಾಜಸಾಗರ ಮತ್ತು ಸೋಮನಾಥಪುರಗಳನ್ನು ಒಳಗೊಂಡ ಪ್ರದೇಶವನ್ನು ಒಂದೇ ಆರ್ಥಿಕ ವಲಯವೆಂದು ಪರಿಗಣಿಸಿ ಈ ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ.

ಚಾರಿತ್ರಿಕ ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಸಂಸ್ಥಾನದ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸ್ಥಳಾಂತರಗೊಂಡಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ನೇರವಾಗಿ ವಹಿಸಿಕೊಂಡಾಗ ಆಡಳಿತ ಕೇಂದ್ರ ಬೆಂಗಳೂರಿಗೆ ಸರಿಯಿತು. ಅಂದಿನಿಂದ ಮೈಸೂರು ಅರಮನೆಯ ಊರಾಗಿ ಉಳಿಯಿತೇ ಹೊರತು ಕಚೇರಿಗಳ ಊರಾಗಿ ಬೆಳೆಯಲಿಲ್ಲ. ನಗರದ ವರ್ತಕರು, ಕುಶಲಕರ್ಮಿಗಳು, ಹೂವಾಡಿಗರು ಹಾಗೂ ಗಾಡಿ ಹೊಡೆಯುವವರ ಜೀವನ ಬಹುಮಟ್ಟಿಗೆ ಅರಮನೆಯ ಬೇಡಿಕೆಯನ್ನೇ ಅವಲಂಬಿಸಿತ್ತು.

1881ರಲ್ಲಿ ಅಧಿಕಾರ ಮರಳಿ ಒಡೆಯರ ಮನೆತನಕ್ಕೆ ಬಂದದ್ದು ಈ ಪರಿಸ್ಥಿತಿಯಲ್ಲಿ ಬದಲಾವಣೆ ತಂದಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿ, ಅದರ ಅಧಿವೇಶನವನ್ನು ದಸರಾ ಕಾಲದಲ್ಲಿಯೇ ನಡೆಸುವ ಕ್ರಮಕ್ಕೆ ನಾಂದಿ ಹಾಡಿದರು. ಜಿಲ್ಲೆಗಳ ರೈತರು ಮತ್ತು ವರ್ತಕರ ಪ್ರತಿನಿಧಿಗಳು ವರ್ಷಕ್ಕೊಮ್ಮೆ ಮೈಸೂರಿಗೆ ಬರತೊಡಗಿದರು. 1882ರಲ್ಲಿ ಬೆಂಗಳೂರು–ಮೈಸೂರು ರೈಲು ಮಾರ್ಗ ಸಂಚಾರಕ್ಕೆ ತೆರೆಯಿತು. 1891ರಲ್ಲಿ ಅದು ನಂಜನಗೂಡಿಗೆ ವಿಸ್ತರಿಸಿತು. ದಸರಾ ಜೊತೆಯಲ್ಲಿ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ಸೇರಿಕೊಂಡಿತು. ಹೀಗೆ ಧಾರ್ಮಿಕ ಉತ್ಸವ, ರಾಜಕೀಯ ಸಭೆ ಮತ್ತು ವಾಣಿಜ್ಯ ಮೇಳ ಮೂರೂ ಒಂದೇ ಪಕ್ಷದಲ್ಲಿ ಕೂಡಿಬಂದದ್ದರಿಂದ ನಗರಕ್ಕೆ ವಾರ್ಷಿಕವಾದ ಒಂದು ದೊಡ್ಡ ಮಾರುಕಟ್ಟೆ ದೊರೆಯಿತು. ‘ಪ್ರವಾಸೋದ್ಯಮ’ ಎಂಬ ಪದ ಬಳಕೆಗೆ ಬರುವ ಬಹಳ ಮೊದಲೇ ಅದರ ತಳಹದಿ ಹೀಗೆ ಸಿದ್ಧವಾಗಿತ್ತೆಂಬುದು ಗಮನಾರ್ಹ.

ಸಂಸ್ಥಾನ ಕಾಲದ ಬಂಡವಾಳ

ಇಂದಿನ ಪ್ರವಾಸೋದ್ಯಮದ ಮೂಲ ಬಂಡವಾಳವೆಲ್ಲ ಬಹುಪಾಲು 1890ರಿಂದ 1932ರವರೆಗಿನ ಅವಧಿಯಲ್ಲಿ ಹೂಡಲಾದುದು. ಮೃಗಾಲಯವು 1892ರಲ್ಲಿ ಆರಂಭವಾಯಿತು. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದಾಗ, ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರ ಯೋಜನೆಯಂತೆ ಹೊಸ ಅರಮನೆಯ ನಿರ್ಮಾಣ ಕೈಗೊಳ್ಳಲಾಯಿತು. 1912ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ಸುಮಾರು 41 ಲಕ್ಷ ರೂಪಾಯಿ ವೆಚ್ಚವಾಯಿತು. 1903ರ ಸುಮಾರಿಗೆ ಸ್ಥಾಪಿತವಾದ ನಗರ ಸುಧಾರಣಾ ಮಂಡಳಿಯು ವಿಶಾಲವಾದ ರಸ್ತೆ, ವೃತ್ತ ಮತ್ತು ಬಡಾವಣೆಗಳನ್ನು ರೂಪಿಸಿತು. ಮಹಾರಾಜರ ಯೂರೋಪಿಯನ್ ಅತಿಥಿಗಳಿಗಾಗಿ ಮೆಟ್ರೋಪೋಲ್ ಮತ್ತು ಲಲಿತಮಹಲ್ ಕಟ್ಟಡಗಳು ಎದ್ದವು.

ಕೃಷ್ಣರಾಜಸಾಗರದ ಉದಾಹರಣೆ ಇನ್ನೂ ಅರ್ಥಪೂರ್ಣವಾದುದು. 1911ರಲ್ಲಿ ಆರಂಭವಾದ ಈ ಅಣೆಕಟ್ಟೆಯ ಉದ್ದೇಶ ನೀರಾವರಿ ಮತ್ತು ಶಿವನಸಮುದ್ರದ ವಿದ್ಯುದಾಗಾರಕ್ಕೆ ನಿರಂತರ ನೀರು ಒದಗಿಸುವುದು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಅದರ ಕೆಳಭಾಗದಲ್ಲಿ ಬೃಂದಾವನ ಉದ್ಯಾನ ರೂಪುಗೊಂಡಿತು. ಇವೆಲ್ಲವುಗಳ ವೆಚ್ಚವನ್ನು ಭರಿಸಿದ್ದು ಸಂಸ್ಥಾನದ ಬೊಕ್ಕಸ. ಅಂದರೆ ಅಂತಿಮವಾಗಿ ಹಳೆಯ ಮೈಸೂರಿನ ರೈತರ ಕಂದಾಯ ಹಾಗೂ ಕೋಲಾರದ ಚಿನ್ನದ ಗಣಿಗಳಿಂದ ಬರುತ್ತಿದ್ದ ರಾಜಧನದಂತಹ ಆದಾಯ. ಪ್ರವಾಸಿಗರಿಂದ ಲಾಭ ಪಡೆಯುವ ಲೆಕ್ಕಾಚಾರ ಇವುಗಳ ಹಿಂದೆ ಪ್ರಧಾನವಾಗಿರಲಿಲ್ಲ. ಒಂದು ಪೀಳಿಗೆಯ ಸಾರ್ವಜನಿಕ ವೆಚ್ಚ ಮುಂದಿನ ಪೀಳಿಗೆಗಳ ಆದಾಯದ ಮೂಲವಾಯಿತೆಂಬುದೇ ಇಲ್ಲಿನ ಮುಖ್ಯ ಅಂಶ.

ಅರಮನೆಯ ಬೇಡಿಕೆಯಿಂದ ಪ್ರವಾಸಿಯ ಬೇಡಿಕೆಗೆ

ಪ್ರವಾಸೋದ್ಯಮದ ಆಳವಾದ ಪರಿಣಾಮ ಕಾಣುವುದು ಕರಕುಶಲ ಕಲೆಗಳಲ್ಲಿ. 1912ರಲ್ಲಿ ರಾಜಮನೆತನದ ಅಗತ್ಯಗಳಿಗಾಗಿ ಸ್ವಿಟ್ಜರ್ಲೆಂಡ್‌ನಿಂದ ತರಿಸಿದ ಮಗ್ಗಗಳೊಡನೆ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. ಮೊದಲನೆಯ ಮಹಾಯುದ್ಧದಿಂದ ಗಂಧದ ಮರದ ರಫ್ತು ಸ್ಥಗಿತಗೊಂಡಾಗ ಗಂಧದೆಣ್ಣೆ ತಯಾರಿಕೆ ಸಂಸ್ಥಾನದಲ್ಲಿಯೇ ನೆಲೆಗೊಂಡಿತು. 1917ರಲ್ಲಿ ಮೈಸೂರಿನಲ್ಲಿಯೂ ಅದರ ಕಾರ್ಖಾನೆ ಸ್ಥಾಪನೆಯಾಯಿತು. ಬೀಟೆಮರದ ಕುಸುರಿ ಕೆಲಸ, ಸಾಂಪ್ರದಾಯಿಕ ಚಿತ್ರಕಲೆ ಮತ್ತು ಗಂಜೀಫಾ ಕಲೆಗಳಿಗೆ ಅರಮನೆಯೇ ಪೋಷಕನಾಗಿತ್ತು.

ಸಂಸ್ಥಾನ ವಿಲೀನವಾಗಿ, 1971ರ ಸಂವಿಧಾನ ತಿದ್ದುಪಡಿಯಿಂದ ರಾಜಧನ ರದ್ದಾದಾಗ ಈ ಆಶ್ರಯ ಸಂಪೂರ್ಣವಾಗಿ ಕೊನೆಗೊಂಡಿತು. ಬೇರೆ ಕಡೆಗಳಲ್ಲಿ ಇಂತಹ ಸಂದರ್ಭದಲ್ಲಿ ಆಸ್ಥಾನದ ಕಲೆಗಳು ನಶಿಸಿದ ನಿದರ್ಶನಗಳಿವೆ. ಮೈಸೂರಿನಲ್ಲಿ ಅವು ಉಳಿದುಕೊಳ್ಳಲು ಪ್ರವಾಸಿಗರ ಕೊಳ್ಳುವಿಕೆ ಒಂದು ಮುಖ್ಯ ಕಾರಣ. 1964ರಲ್ಲಿ ಸ್ಥಾಪಿತವಾದ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳು ಈ ಮಾರುಕಟ್ಟೆಗೆ ಸಾಂಸ್ಥಿಕ ರೂಪ ನೀಡಿದವು.

ಆದರೆ ಹೊಸ ಪೋಷಕ ಹಳೆಯ ಪೋಷಕನಂತಿರಲಿಲ್ಲ. ಅರಮನೆ ತಿಂಗಳುಗಟ್ಟಲೆ ಕಾದು ಒಂದು ಬಾಗಿಲನ್ನು ಮಾಡಿಸುತ್ತಿತ್ತು. ಪ್ರವಾಸಿ ಅರ್ಧ ಗಂಟೆಯಲ್ಲಿ ಚೀಲಕ್ಕೆ ಹಿಡಿಯುವ ವಸ್ತುವನ್ನು ಬಯಸುತ್ತಾನೆ. ಹೀಗಾಗಿ ಕೃತಿಗಳ ಗಾತ್ರ ಮತ್ತು ಬೆಲೆ ಇಳಿದವು, ವಿನ್ಯಾಸಗಳು ಪುನರಾವರ್ತನೆಯಾದವು. ವನ್ಯಜೀವಿ ಕಾಯಿದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಾಗ ಕುಸುರಿಗೆ ಬಣ್ಣಬಣ್ಣದ ಮರದ ತುಂಡುಗಳೂ ಪ್ಲಾಸ್ಟಿಕ್ ಕೂಡ ಬಂದವು. ಮೈಸೂರು ರೇಷ್ಮೆ, ಅಗರಬತ್ತಿ, ಬೀಟೆಮರದ ಕುಸುರಿ, ಮಲ್ಲಿಗೆ ಮುಂತಾದವುಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದು ಹೆಸರನ್ನು ಕಾಪಾಡಿದೆ. ಕೆಲಸಗಾರನ ಕೂಲಿಯನ್ನು ಹೆಚ್ಚಿಸುವ ಶಕ್ತಿ ಆ ಮಾನ್ಯತೆಗೆ ತಾನಾಗಿ ಬರುವುದಿಲ್ಲ.

ಆದಾಯದ ಹರಿವು ಮತ್ತು ಅದರ ಮಿತಿಗಳು

ಕೋವಿಡ್ ಪೂರ್ವದ ದಶಕದಲ್ಲಿ ಹಲವು ವರ್ಷಗಳಲ್ಲಿ ಅರಮನೆಯನ್ನು ನೋಡಿದವರ ಸಂಖ್ಯೆ 30 ಲಕ್ಷವನ್ನು ದಾಟಿತ್ತು. ಈ ಸಂಖ್ಯೆ ದೊಡ್ಡದಾದರೂ ಅದು ಆರ್ಥಿಕ ಪ್ರಭಾವದ ಅಳತೆಯಾಗಲಾರದು. ನಗರಕ್ಕೆ ಮುಖ್ಯವಾದುದು ಬಂದವರ ಸಂಖ್ಯೆಗಿಂತ ಅವರು ತಂಗಿದ ರಾತ್ರಿಗಳ ಸಂಖ್ಯೆ. ಊಟಿ, ಕೊಡಗು, ವಯನಾಡು ಮತ್ತು ಬಂಡೀಪುರಗಳ ದಾರಿಯಲ್ಲಿರುವ ಮೈಸೂರು ಹೆಚ್ಚಿನವರಿಗೆ ನಡುವಿನ ತಂಗುದಾಣ. ಬೆಂಗಳೂರಿನಿಂದ ಬೆಳಿಗ್ಗೆ ಬಂದು ಅರಮನೆ, ಮೃಗಾಲಯ ನೋಡಿ, ಸಂಜೆ ಬೃಂದಾವನದ ದೀಪ ಕಂಡು ಹಿಂತಿರುಗುವ ಪ್ರವಾಸಿಯು ನಗರದಲ್ಲಿ ಬಿಡುವ ಹಣ ಟಿಕೆಟ್ಟು, ಒಂದು ಊಟ ಮತ್ತು ಆಟೋ ಅಥವಾ ಟಾಂಗಾ ಬಾಡಿಗೆಗೆ ಸೀಮಿತ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಪ್ರಯಾಣವನ್ನು ಸುಗಮಗೊಳಿಸಿದಂತೆ ಒಂದೇ ದಿನದ ಪ್ರವಾಸವನ್ನೂ ಸುಲಭಗೊಳಿಸಿದೆ. ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮಂಡ್ಯ ಮೊದಲಾದ ಊರುಗಳ ಹೊರಗೆ ಹಾದುಹೋಗುವುದರಿಂದ, ಹಳೆಯ ರಸ್ತೆಯ ಬದಿಯ ಹೋಟೆಲು ಮತ್ತು ಬೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಗಿರಾಕಿಯೂ ಅಲ್ಲಿಂದ ದೂರ ಸರಿದಿದ್ದಾನೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಮಾದರಿ ಯೋಗಶಿಕ್ಷಣದಲ್ಲಿ ದೊರೆಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಸಿದ ಯೋಗಶಾಲೆಯ ಪರಂಪರೆಯನ್ನು ಅರಸಿ ಬರುವ ವಿದೇಶಿ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ನೆಲೆಸುತ್ತಾರೆ. ಗೋಕುಲಂ ಬಡಾವಣೆಯಲ್ಲಿ ಮನೆ ಬಾಡಿಗೆ, ಉಪಾಹಾರ ಗೃಹ, ಸ್ಕೂಟರ್ ಬಾಡಿಗೆ, ಮನೆಗೆಲಸ ಇವೆಲ್ಲವೂ ಅವರನ್ನು ಅವಲಂಬಿಸಿ ಬೆಳೆದಿವೆ. ಸಂಖ್ಯೆಯಲ್ಲಿ ಅಲ್ಪರಾದ ಈ ಸಂದರ್ಶಕರ ಹಣ ಸ್ಥಳೀಯ ಮನೆಗಳಿಗೆ ನೇರವಾಗಿ ತಲುಪುತ್ತದೆ.

ಎರಡನೆಯ ಮಿತಿ ಆಡಳಿತಾತ್ಮಕವಾದುದು. ಪ್ರವಾಸಿಯ ದೃಷ್ಟಿಯಲ್ಲಿ ಒಂದೇ ಆಗಿರುವ ಈ ವಲಯ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಬೃಂದಾವನ, ರಂಗನತಿಟ್ಟು, ಶ್ರೀರಂಗಪಟ್ಟಣಗಳು ಮಂಡ್ಯ ಜಿಲ್ಲೆಗೆ ಸೇರಿವೆ. ವಸತಿಗೃಹಗಳು ಮತ್ತು ಅಂಗಡಿಗಳು ಬಹುತೇಕ ಮೈಸೂರಿನಲ್ಲಿವೆ. ದಟ್ಟಣೆ ಮತ್ತು ಕಸದ ಹೊರೆ ಒಂದು ಕಡೆ, ರಾತ್ರಿಯ ಆದಾಯ ಇನ್ನೊಂದು ಕಡೆ.

ಮೂರನೆಯದಾಗಿ, ಟಿಕೆಟ್ಟಿನ ಆದಾಯ ಆಯಾ ಆವರಣದೊಳಗೇ ಉಳಿಯುತ್ತದೆ. ಅರಮನೆಯ ಆದಾಯ ಅರಮನೆಯ ನಿರ್ವಹಣೆಗೆ, ಮೃಗಾಲಯದ್ದು ಮೃಗಾಲಯಕ್ಕೆ. ಆದರೆ ಮೈಸೂರು ಪಾರಂಪರಿಕ ನಗರವೆನಿಸುವುದು ಟಿಕೆಟ್ಟಿಲ್ಲದೆ ನೋಡಬಹುದಾದ ಬೀದಿ, ಮಾರುಕಟ್ಟೆ, ಕಟ್ಟಡಗಳಿಂದಲೂ ಹೌದು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗವೂ ಕುಸಿಯಿತು. ಪ್ರತಿ ವರ್ಷ ಲಕ್ಷಾಂತರ ಪ್ರವಾಸಿಗರು ಹಾದುಹೋಗುವ ರಸ್ತೆಗಳಲ್ಲಿಯೇ ಇರುವ ಈ ಕಟ್ಟಡಗಳ ದುರಸ್ತಿಗೆ ಆ ಪ್ರವಾಸಿಗರ ಹಣ ತಲುಪದಿದ್ದುದು ವ್ಯವಸ್ಥೆಯ ಕೊರತೆಯನ್ನು ಎತ್ತಿ ತೋರಿಸುತ್ತದೆ. ಅದರ ಬೆಲೆ ತೆತ್ತವರು ಅಲ್ಲಿ ಪೀಳಿಗೆಗಳಿಂದ ಅಂಗಡಿ ನಡೆಸುತ್ತಿದ್ದ ಬಾಡಿಗೆದಾರ ವರ್ತಕರು.

ನಾಲ್ಕನೆಯದು ಅಸ್ಥಿರತೆ. ಬರಗಾಲದ ವರ್ಷಗಳ ಸರಳ ದಸರಾ, ಕಾವೇರಿ ವಿವಾದದ ಬಂದ್‌ಗಳು ಈ ಉದ್ಯಮವನ್ನು ತಕ್ಷಣ ತಟ್ಟುತ್ತವೆ. 2020ರಲ್ಲಿ ಕೋವಿಡ್ ಕಾರಣದಿಂದ ಜಂಬೂ ಸವಾರಿ ಅರಮನೆಯ ಆವರಣಕ್ಕೆ ಸೀಮಿತವಾಯಿತು. ಪ್ರವೇಶ ಶುಲ್ಕವನ್ನೇ ನೆಚ್ಚಿದ್ದ ಮೃಗಾಲಯ ಪ್ರಾಣಿಗಳ ಆಹಾರಕ್ಕಾಗಿ ದೇಣಿಗೆಯನ್ನು ಅವಲಂಬಿಸಬೇಕಾಯಿತು. ಸಂಸ್ಥೆಗೆ ದೇಣಿಗೆ ದೊರೆಯಿತು. ಟಾಂಗಾದ ಕುದುರೆಗೆ ಹುಲ್ಲು ಹೊಂಚುವ ಹೊಣೆ ಅದನ್ನು ಸಾಕಿದವನದೇ ಆಗಿತ್ತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ರಾಜಧಾನಿಯ ಸ್ಥಾನ ಕಳೆದುಕೊಂಡ ನಗರಕ್ಕೆ ಪ್ರವಾಸೋದ್ಯಮ ಒಂದು ಪರ್ಯಾಯ ಜೀವನಾಧಾರವನ್ನು ಒದಗಿಸಿತು. ಅರಮನೆಯ ಆಶ್ರಯ ತಪ್ಪಿದ ಕಲೆಗಳಿಗೆ ಮಾರುಕಟ್ಟೆಯನ್ನು ಕೊಟ್ಟಿತು. ಆದರೆ ಅದರ ಫಲ ಸಮನಾಗಿ ಹಂಚಿಕೆಯಾಗಲಿಲ್ಲ. ವಿಶೇಷವಾಗಿ, ಸಂಸ್ಥಾನ ಕಾಲದ ಸಾರ್ವಜನಿಕ ಬಂಡವಾಳವನ್ನು ಅನುಭವಿಸುತ್ತ ಬಂದ ನಂತರದ ಕಾಲ ಅದೇ ಪ್ರಮಾಣದಲ್ಲಿ ಅದನ್ನು ಮರುಪೂರಣ ಮಾಡಲಿಲ್ಲ. 2023ರಲ್ಲಿ ಸೋಮನಾಥಪುರದ ಕೇಶವ ದೇವಾಲಯ ಬೇಲೂರು, ಹಳೇಬೀಡುಗಳೊಡನೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದರಿಂದ ವಲಯಕ್ಕೆ ಹೊಸ ಅವಕಾಶ ಒದಗಿದೆ. ಆ ಅವಕಾಶದ ಸಾರ್ಥಕತೆಯನ್ನು ಬಂದವರ ತಲೆಯೆಣಿಕೆಯಿಂದ ಅಳೆಯದೆ, ದೇವಾಲಯದ ಸುತ್ತಲಿನ ಹಳ್ಳಿಯ ಮನೆಗಳಲ್ಲಿ ಉಳಿದ ಆದಾಯದಿಂದ ಅಳೆಯುವುದು ಮೈಸೂರಿನ ಚರಿತ್ರೆ ಕಲಿಸುವ ಪಾಠವಾಗಿದೆ.