ತಾಲ್ಲೂಕು ಆಸ್ಪತ್ರೆಯ ‘ಹಿರಿಯ’ ಶುಶ್ರೂಷಕಿ ಯಾರು? ನಾಯಕತ್ವ ತರಬೇತಿ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ
ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ: ನಾಲ್ಕೂ ಮಂಡ್ಯ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆ ರಚನೆಯಾದದ್ದು 1939ರ ಜುಲೈ 1ರಂದು. ಅದಕ್ಕೂ ಹಿಂದಿನ ದಾಖಲೆಗಳನ್ನು ಮೈಸೂರು ಜಿಲ್ಲೆಯಡಿ, ಪಾಂಡವಪುರದವನ್ನು ‘ಫ್ರೆಂಚ್ ರಾಕ್ಸ್’ ಅಥವಾ ‘ಹಿರೋಡೆ’ ಎಂಬ ಹೆಸರಿನಲ್ಲಿ ಹುಡುಕಬೇಕಾಗುತ್ತದೆ.

2. ಪದನಾಮ
ಕೇಂದ್ರ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ಟಾಫ್ ನರ್ಸ್’ ಎಂಬುದು ‘ನರ್ಸಿಂಗ್ ಆಫೀಸರ್’ ಎಂದೂ, ‘ನರ್ಸಿಂಗ್ ಸಿಸ್ಟರ್’ ಎಂಬುದು ‘ಸೀನಿಯರ್ ನರ್ಸಿಂಗ್ ಆಫೀಸರ್’ ಎಂದೂ ಬದಲಾದದ್ದು 2016ರಲ್ಲಿ. ಆದ್ದರಿಂದ ಆ ವರ್ಷದ ಆಚೀಚಿನ ಪಟ್ಟಿಗಳಲ್ಲಿನ ‘ಹಿರಿಯ’ ಎಂಬ ಪದವನ್ನು ಒಂದೇ ಅರ್ಥದಲ್ಲಿ ಓದುವುದು ಸರಿಯಾಗಲಾರದು. ವಾರ್ಡಿನಲ್ಲಿ ಬಳಕೆಯಲ್ಲಿರುವ ‘ಇನ್‌ಚಾರ್ಜ್ ಸಿಸ್ಟರ್’ ಬಹುಮಟ್ಟಿಗೆ ವಹಿಸಿದ ಹೊಣೆಯ ಹೆಸರು, ಹುದ್ದೆಯದಲ್ಲ.

3. ಪ್ರಮಾಣ
ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ಶುಶ್ರೂಷಕಿ–ಹಾಸಿಗೆ ಪ್ರಮಾಣ ಸಾಮಾನ್ಯ ಆಸ್ಪತ್ರೆಗೆ 1:5, ಬೋಧನಾ ಆಸ್ಪತ್ರೆಗೆ 1:3. ಜೊತೆಗೆ ರಜೆಗಾಗಿ ಶೇ. 30 ಮೀಸಲು. 1:5 ಎಂಬುದನ್ನು ಪಾಳಿಯ ಲೆಕ್ಕವೆಂದು ಓದುವವರಿದ್ದಾರೆ. ಅದು ಮೂರೂ ಪಾಳಿಗಳ ಒಟ್ಟು ಲೆಕ್ಕ, ಪಾಳಿಗೆ 1:15. ಉದಾಹರಣೆಗೆ 100 ಹಾಸಿಗೆ ಎಂದಿಟ್ಟುಕೊಂಡರೆ 20 ಮಂದಿ, ಮೀಸಲು ಸೇರಿ 26. ತಪ್ಪಾಗಿ ಓದಿದರೆ ಮೀಸಲಿಲ್ಲದೆಯೇ 60 ಆಗುತ್ತದೆ.

1987ರಲ್ಲಿ ನೇಮಕವಾದ ಶುಶ್ರೂಷಾ ವೃತ್ತಿ ಕುರಿತ ಉನ್ನತಾಧಿಕಾರ ಸಮಿತಿಯ ಶಿಫಾರಸು ಇನ್ನೂ ಮುಖ್ಯ: ವಾರ್ಡ್ ಸಿಸ್ಟರ್ 25 ಹಾಸಿಗೆಗೆ ಒಬ್ಬರು, ಶುಶ್ರೂಷಾ ಅಧೀಕ್ಷಕರು 200 ಹಾಸಿಗೆಗೆ ಒಬ್ಬರು. ಇದರಂತೆ 100 ಹಾಸಿಗೆಯಲ್ಲಿ ಮೀಸಲು ಬಿಟ್ಟು ನಾಲ್ವರು ವಾರ್ಡ್ ಸಿಸ್ಟರ್‌ಗಳು ಇರುತ್ತಾರೆ. ಅಧೀಕ್ಷಕರ ಹುದ್ದೆ ಪ್ರಮಾಣದೊಳಗೆ ಬರುವುದೇ ಇಲ್ಲ. ಹಾಗಾಗಿ ಯೋಜನೆ, ಸಿಬ್ಬಂದಿ ಹಂಚಿಕೆ, ಗುಣಮಟ್ಟದ ಲೆಕ್ಕ ಇವೆಲ್ಲ ಇನ್‌ಚಾರ್ಜ್ ಸಿಸ್ಟರ್‌ಗಳ ಪಾಲಿಗೆ ಬೀಳುವ ಸಂಭವ ಹೆಚ್ಚು. 2017ರ ಡಿಸೆಂಬರ್‌ನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೊಠಡಿಗೆ ಗುಣಮಟ್ಟ ವೃತ್ತವನ್ನು (ಗುಣಮಟ್ಟ ಸುಧಾರಿಸುವ ಸಿಬ್ಬಂದಿ ಗುಂಪನ್ನು) ಅಪೇಕ್ಷಿಸುವುದರಿಂದ ಈ ಹೊರೆ ಹೆಚ್ಚಿರಬಹುದು.

4. ನಾಗಮಂಗಲ
ಇಲ್ಲಿ ಸಿಬ್ಬಂದಿ ಪ್ರಮಾಣದ ಸರಾಸರಿ ತೆಗೆಯುವುದು ಅಪಾಯಕರ. ಇದೇ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ (1986) ಬೋಧನಾ ಆಸ್ಪತ್ರೆ; ಅದಕ್ಕೆ ಅನ್ವಯಿಸುವ ಪ್ರಮಾಣ 1:3. ಅದನ್ನೂ ತಾಲ್ಲೂಕು ಆಸ್ಪತ್ರೆಯನ್ನೂ ಒಂದೇ ಸಾಲಿನಲ್ಲಿ ಬರೆದರೆ ಅಂಕಿ ಕೆಡುತ್ತದೆ.

5. ಹೋಲಿಕೆ
ಇನ್‌ಚಾರ್ಜ್ ಸಿಸ್ಟರ್‌ಗಳ ನಾಯಕತ್ವ ತರಬೇತಿಗೆ ರಾಜ್ಯದಲ್ಲಿ ಹತ್ತಿರದ ನಿದರ್ಶನ ‘ಸುಕ್ಷೇಮ’ ಯೋಜನೆಯ ನರ್ಸ್ ಮೆಂಟರ್ ಪ್ರಯೋಗ. ಬಳ್ಳಾರಿ ಮತ್ತು ಅಂದಿನ ಗುಲ್ಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು 54ರ ಎರಡು ಗುಂಪುಗಳಾಗಿಸಿ, ಒಂದಕ್ಕೆ ಮಾತ್ರ ಮೆಂಟರ್‌ಗಳನ್ನು ಕಳುಹಿಸಲಾಯಿತು. ಆದರೆ ಅದರ ಒತ್ತು ಇದ್ದದ್ದು ಹೆರಿಗೆ ಆರೈಕೆಯ ಮೇಲೆ. ಕಾರ್ಯತಂತ್ರದ ನಾಯಕತ್ವಕ್ಕೆ ಅದನ್ನು ನೇರ ಪುರಾವೆಯಾಗಿ ಉಲ್ಲೇಖಿಸಲಾಗದು. ಮೆಂಟರ್ ತಾನೇ ಕೇಂದ್ರಕ್ಕೆ ಹೋಗುವ ವಿಧಾನ ಮಾತ್ರ, ಮೇಲಿನ 100 ಹಾಸಿಗೆಯ ಲೆಕ್ಕದಂತೆ ಪಾಳಿಗೆ ಸುಮಾರು ಏಳೇ ಮಂದಿ ಇರುವಲ್ಲಿ, ಶಿಬಿರಕ್ಕೆ ಕರೆಸುವುದಕ್ಕಿಂತ ಹೆಚ್ಚು ಕಾರ್ಯಸಾಧ್ಯವೆನಿಸುತ್ತದೆ. ಅಲ್ಲಿಯೂ ತರಬೇತಿ ಪಡೆಯುವವರ ಹೆಸರುಗಳನ್ನು ಜ್ಯೇಷ್ಠತಾ ಪಟ್ಟಿಯಿಂದಲ್ಲ, ಡ್ಯೂಟಿ ಪಟ್ಟಿಯಿಂದ ಆರಿಸಬೇಕಾದೀತು.